ಎನ್ಕ್ವೈರಿ ಅಕ್ಕ ಮತ್ತು ಮೂವರು ಮಾದಪ್ಪಂದಿರು

ಹೋದ ವಾರ ಕೆಲಸದ ಮೇಲೆ ಹೊಸೂರಿನ ಕಡೆಯ ತಳಿ ಎಂಬ ಊರಿನ ಹತ್ತಿರದ ಒಂದು ಗುಲಾಬಿ ತೋಟಕ್ಕೆ ಹೋಗಿದ್ದೆ. ಅಲ್ಲಿ ಹಳೆಯ ಪಾಲಿಹೌಸಿಗೆ ಹೊಸ ಶೀಟ್ ಹೊದಿಸುತ್ತಿದ್ದರು. ನಾಲ್ಕು ಜನ ಸೇರಿ ಸುರುಳಿ ಬಿಚ್ಚಿದ ಕೂಡಲೇ ಬಿಸಿಲು ತಾಗಿ ಒಂದು ವಾಸನೆ ಎದ್ದಿತು. ಹೊಸ ಪ್ಲಾಸ್ಟಿಕ್ಕಿನದು, ಜೊತೆಗೆ ಮಡಿಕೆ ಅಂಟದಿರಲಿ ಎಂದು ಹಾಕುವ ಬಿಳಿ ಪುಡಿಯದು... ನಾನು ಅಲ್ಲೇ ನಿಂತುಬಿಟ್ಟೆ. ಅದು ನನ್ನ ಮೊದಲ ಕೆಲಸದ ವಾಸನೆ. ಹೊಸೂರಿನ ಆ ಆಫೀಸಿನ ಹಿಂಬದಿಯಲ್ಲೇ ಗೋಡೌನ್ ಇತ್ತು. ಮಧ್ಯಾಹ್ನವಾದರೆ ಅದರ ತಗಡು ಕಾದು, ಈ ವಾಸನೆ ನಮ್ಮ ಮೇಜುಗಳವರೆಗೂ ಬರುತ್ತಿತ್ತು. ಅದರ ಜೊತೆಗೇ ಅಕ್ಕ ನೆನಪಾದರು.

ಅವರನ್ನು ಎಲ್ಲರೂ ಎನ್ಕ್ವೈರಿ ಅಕ್ಕ ಎಂದೇ ಕರೆಯುತ್ತಿದ್ದರು. ಡ್ರೈವರುಗಳು, ಕ್ಯಾಂಟೀನಿನವರು, ಕೊನೆಗೆ ಫೋನ್ ಮಾಡುವ ರೈತರು ಕೂಡ. ನಮ್ಮ ಕಂಪನಿ ಪಾಲಿಹೌಸ್, ಶೇಡ್ ನೆಟ್, ಡ್ರಿಪ್ ಪೈಪುಗಳನ್ನು ಮಾರುತ್ತಿತ್ತು. ಬೇಕು ಎಂದು ವಿಚಾರಿಸಿದವರು ಕೊಳ್ಳುವ ಹೊತ್ತಿಗೆ ಒಂದು ವರ್ಷ, ಕೆಲವೊಮ್ಮೆ ಮೂರು ವರ್ಷ ಆಗುತ್ತಿತ್ತು. ಅಷ್ಟು ಕಾಲ ಅವರನ್ನು ಮರೆಯದೆ ಇಟ್ಟುಕೊಳ್ಳುವುದು ಅಕ್ಕನ ಕೆಲಸ. ಐವತ್ತರ ಹತ್ತಿರದ ವಯಸ್ಸು. ತಳಿಯ ಕಡೆಯ ಹಳ್ಳಿಯವರು. ಮನೆಯ ಮಾತು ಕನ್ನಡ, ಓದಿದ್ದು ತಮಿಳಿನಲ್ಲಿ, ಪಕ್ಕದ ಮನೆಯವರಿಂದ ಕಲಿತದ್ದು ತೆಲುಗು. ಕನ್ನಡದ ಅಕ್ಷರಗಳನ್ನು ಆನೇಕಲ್ ಕಡೆಯಿಂದ ಬರುವ ಬಸ್ಸುಗಳ ಬೋರ್ಡು ನೋಡಿ, ಆಮೇಲೆ ಪೊಟ್ಟಣ ಕಟ್ಟಿ ಬಂದ ಪೇಪರು ಓದಿ ತಾವಾಗಿಯೇ ಕಲಿತಿದ್ದರು. ಹೊಸೂರಿನವರೇ ಒಬ್ಬರು ಮಾಡಿಕೊಟ್ಟಿದ್ದ ಹಳೆಯ ಸಾಫ್ಟ್‌ವೇರಿನಲ್ಲಿ ಹೆಸರು, ಊರು, ಫೋನ್ ನಂಬರ್, ಬೇಕಾದ ಮಾಲು ಎಂಬ ಕಾಲಂಗಳಿದ್ದವು. ಕೊನೆಯಲ್ಲಿ ರಿಮಾರ್ಕ್ಸ್ ಎಂಬ ಒಂದು ಕಾಲಂ. ಅದಕ್ಕೆ ಎಲ್ಲೆ ಇರಲಿಲ್ಲ. ಕನ್ನಡದವರು ಹೇಳಿದ್ದನ್ನು ಕನ್ನಡದಲ್ಲಿ, ತಮಿಳಿನವರು ಹೇಳಿದ್ದನ್ನು ತಮಿಳಿನಲ್ಲಿ ಅಕ್ಕ ಅಲ್ಲಿ ಟೈಪ್ ಮಾಡುತ್ತಿದ್ದರು.

ನಾನು ಸೇರಿದ್ದು ಅವರ ಸಹಾಯಕಳಾಗಿ. ಅಪ್ಪ ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದರು. ನಾವು ಮಾಲೂರು ಕಡೆಯಿಂದ ಬಂದವರು. ನನಗೆ ತಮಿಳು ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಮೊದಲ ದಿನವೇ ಅಕ್ಕ ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿ ಹೇಳಿದರು:

"ಪೈಪ್ ಕೇಳಕ್ಕೆ ಫೋನ್ ಮಾಡ್ದೋರು ಪೈಪ್ ವಿಸ್ಯ ಕೊನೇಲಿ ಹೇಳ್ತಾರೆ ಕಣಮ್ಮ. ಅದಕ್ಕೂ ಮುಂಚೆ ಏನು ಹೇಳ್ತಾರೋ ಅದ್ನೆಲ್ಲ ಬರ್ಕೊ."

ಆ ಕಾಲಂ ಓದುತ್ತಾ ಕೂತರೆ ನನಗೆ ಊಟದ ಹೊತ್ತು ಮರೆತುಹೋಗುತ್ತಿತ್ತು. ‘ಮಗಳ ಮದುವೆ ಆದ ಮೇಲೆ ಕೇಳಿ ಅಂದರು. ಮಗಳು ಬೇಡ ಅನ್ನುತ್ತಿದ್ದಾಳೆ. ಮದುವೆಯನ್ನೋ ಪಾಲಿಹೌಸನ್ನೋ ಗೊತ್ತಾಗಲಿಲ್ಲ.’ ‘ಗುಡ್ಡದ ಕಡೆಯಿಂದ ಗಾಳಿ ಜೋರು. ಹೋದ ಸಲ ಬೇರೆಯವರು ಹಾಕಿದ ಶೀಟ್ ಹಾರಿಹೋಗಿದೆ. ಗಾಳಿಯ ವಿಷಯ ಮಾತಾಡದೆ ಬೆಲೆ ಹೇಳಬೇಡಿ.’ ‘ಬಲಗಿವಿ ಕೇಳಿಸುವುದಿಲ್ಲ, ಒಂದು ಕ್ಷಣ ಕಾಯಿರಿ, ಫೋನ್ ಬದಲಿಸಿಕೊಳ್ಳುತ್ತಾರೆ.’ ಹೀಗೆ... ಕೃಷ್ಣಗಿರಿಯಿಂದ ಅಂಚೆಟ್ಟಿಯ ಆಚೆಯವರೆಗಿನ ಜನ ಆ ಒಂದು ಕಾಲಂನಲ್ಲಿ ಇದ್ದರು.

ನಾನು ಸೇರಿ ನಾಲ್ಕನೆಯ ತಿಂಗಳು ಕಂಪನಿ ಹೊಸ ಸಾಫ್ಟ್‌ವೇರಿಗೆ ಹೋಗುವುದೆಂದು ತೀರ್ಮಾನವಾಯಿತು. ಅದು ಇಂಟರ್ನೆಟ್ಟಿನಲ್ಲಿ ನಡೆಯುವುದು, ಮಾರಾಟದವರು ತಮ್ಮ ಮೊಬೈಲಿನಲ್ಲೇ ಎಲ್ಲ ನೋಡಬಹುದು ಎಂದರು. ಬೆಂಗಳೂರಿನಿಂದ ಒಬ್ಬ ಇಂಜಿನಿಯರ್ ಬಂದರು. ಹಳೆಯದರಲ್ಲಿದ್ದುದನ್ನು ಹೊಸದಕ್ಕೆ ಸಾಗಿಸುವುದು ಅವರ ಕೆಲಸ. ಆಮೇಲೆ ಹಳೆಯ ಕಂಪ್ಯೂಟರನ್ನು ಅಳಿಸಿ ಗುಜರಿಗೆ ಹಾಕುವುದು. ಅಕ್ಕ ಇದಕ್ಕೆ ಅಡ್ಡ ಬರಲಿಲ್ಲ. ಹಳೆಯ ಯಂತ್ರ ದಿನಕ್ಕೆರಡು ಸಲ ನಿಂತುಹೋಗಿ ಅವರನ್ನೇ ಎಲ್ಲರಿಗಿಂತ ಹೆಚ್ಚು ಕಾಡುತ್ತಿತ್ತು. ಹೊಸದು ಬರುತ್ತದೆಂದು ಎಲ್ಲರಿಗೂ ಚಹಾ ತರಿಸಿ ಕುಡಿಸಿದ್ದರು.

ಮೊದಲ ಪ್ರಯೋಗ ಮುಗಿದಾಗ ಇಂಜಿನಿಯರ್ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಹೆಸರು, ನಂಬರುಗಳೆಲ್ಲ ಅಚ್ಚುಕಟ್ಟಾಗಿ ಬಂದಿದ್ದವು. ಅಕ್ಕ ರಿಮಾರ್ಕ್ಸ್ ತೆರೆಯಲು ಹೇಳಿದರು. ಅಲ್ಲಿ ಕನ್ನಡವೂ ಇರಲಿಲ್ಲ, ತಮಿಳೂ ಇರಲಿಲ್ಲ. ತಲೆಯ ಮೇಲೆ ಚುಕ್ಕೆ, ಕೆಳಗೆ ಬಾಲ ಇರುವ ಇಂಗ್ಲಿಷಿನಂಥ ಅಕ್ಷರಗಳ ರಾಶಿ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಹೊಸದಕ್ಕೆ ಅರ್ಥವಾಗುವುದಿಲ್ಲ ಎಂದು ಇಂಜಿನಿಯರ್ ವಿವರಿಸಿದರು. ಅದೂ ಅರ್ಧಕ್ಕೆ ನಿಂತಿತ್ತು. ಎರಡು ಮೂರು ಸಾಲಾದ ಮೇಲೆ ಹೊಸ ಕಾಲಂ ಮಿಕ್ಕಿದ್ದನ್ನು ಕತ್ತರಿಸಿಬಿಟ್ಟಿತ್ತು.

ಅಕ್ಕ ನಾಟ್ರಾಂಪಾಳ್ಯ ಎಂಬ ಊರಿನ ಹೆಸರು ಟೈಪ್ ಮಾಡಿ ಹುಡುಕಿದರು. ಒಬ್ಬ ಮಾದಪ್ಪನ ಹೆಸರಷ್ಟೇ ಬಂತು. ಆ ಊರಿನ ಇನ್ನಿಬ್ಬರು ಮಾದಪ್ಪಂದಿರು ಎಲ್ಲಿ ಎಂದು ಕೇಳಿದರು.

"ಅವು ಡ್ಯೂಪ್ಲಿಕೇಟ್ ಮೇಡಂ," ಎಂದರು ಇಂಜಿನಿಯರ್. "ಹೆಸರೂ ಒಂದೇ, ನಂಬರೂ ಒಂದೇ, ಊರೂ ಒಂದೇ. ಸಿಸ್ಟಮ್ಮೇ ಸೇರಿಸಿಬಿಡುತ್ತೆ."

"ಆ ಊರಲ್ಲಿ ಸಿಗ್ನಲ್ ಇರೋದು ಒಂದ್ ಅಂಗ್ಡೀಲಿ. ಮೂರ್ ಜನಾನೂ ಆ ಅಂಗ್ಡಿ ನಂಬರ್ ಕೊಟ್ಟವ್ರೆ. ಅದಕ್ಕೆ ಮೂರ್ ಜನ ಒಬ್ಬ ಆಗ್ಬುಡ್ತಾರಾ?"

ಅವರಲ್ಲಿ ಒಬ್ಬ ಮಾದಪ್ಪನ ಹೊಲ ಆನೆಗಳು ಓಡಾಡುವ ದಾರಿಯಲ್ಲಿತ್ತು. ಪೈಪನ್ನು ಮೇಲೆ ಹಾಸುವಂತಿಲ್ಲ, ಹೂಳಬೇಕು ಎಂದು ಅಕ್ಕ ಬರೆದಿದ್ದರು. ಇನ್ನೊಬ್ಬರು ಮಿಲಿಟರಿಯಿಂದ ಬಂದವರು. ಮೂರನೆಯವರಿಗೆ ಬಾವಿ ಅಣ್ಣತಮ್ಮಂದಿರ ನಡುವೆ ಹಂಚಿಕೆಯಾಗಬೇಕಿತ್ತು. ಹೊಸ ಪರದೆಯಲ್ಲಿ ಮೂವರೂ ಸೇರಿ ಒಬ್ಬನಾಗಿ, ಆ ಒಬ್ಬನಿಗೂ ಓದಲಾಗದ ಅಕ್ಷರಗಳೇ ಉಳಿದಿದ್ದವು.

ಮ್ಯಾನೇಜರ್ ತಮಿಳಿನವರು, ಕೆಲಸ ಬೇಗ ಮುಗಿಯಬೇಕೆನ್ನುವವರು. ಅಕ್ಕ ಅವರ ಕೋಣೆಗೆ ಹೋಗಿ ವಿಷಯ ಹೇಳಿದಾಗ ನಾನೂ ಪಕ್ಕದಲ್ಲಿದ್ದೆ. ಹೆಸರು, ನಂಬರ್ ಬಂದರೆ ಸಾಕು, ಅವೇ ದತ್ತಾಂಶ ಎಂದರು ಮ್ಯಾನೇಜರ್. ರಿಮಾರ್ಕ್ಸ್ ಅನ್ನುವುದು ಹರಟೆ. ಹರಟೆಯನ್ನು ಸಾಗಿಸಲು ಯಾರೂ ಇಂಜಿನಿಯರನ್ನು ಕರೆಸುವುದಿಲ್ಲ ಎಂದರು. ಸೋಮವಾರದಿಂದ ಹೊಸದು ಶುರು ಎಂದು ಒಂದು ಹಾಳೆಯನ್ನು ಅಕ್ಕನ ಮುಂದಿಟ್ಟರು. ಹಳೆಯದರಲ್ಲಿದ್ದ ಎಲ್ಲ ವಿವರಗಳೂ ಪೂರ್ಣವಾಗಿ ಬಂದಿವೆ, ನಾನು ಪರಿಶೀಲಿಸಿದ್ದೇನೆ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಕೆಳಗೆ ಸಹಿಗೆ ಜಾಗ. ಆ ಸಹಿ ಬೀಳುವವರೆಗೂ ಬೆಂಗಳೂರಿನವರ ಲೆಕ್ಕದಲ್ಲಿ ಕೆಲಸ ಮುಗಿದಂತಲ್ಲ.

ಅಕ್ಕ ಹಾಳೆಯನ್ನು ನಿಧಾನವಾಗಿ ಓದಿದರು. ಎರಡನೆಯ ಸಲವೂ ಓದಿದರು. ಆಮೇಲೆ ತಮಿಳಿನಲ್ಲಿ, ದನಿ ಏರಿಸದೆ, ಬರದೆ ಇರುವುದನ್ನು ಬಂದಿದೆ ಎಂದು ನಾನು ಬರೆದುಕೊಡುವುದಿಲ್ಲ ಸಾರ್ ಎಂದು ಹೇಳಿ ಹಾಳೆಯನ್ನು ಹಿಂದಕ್ಕೆ ಸರಿಸಿದರು. ಮ್ಯಾನೇಜರ್ ಗದರಿದರು. ಹದಿನೆಂಟು ವರ್ಷದ ಕೆಲಸವನ್ನು ಒಂದು ಹಾಳೆಗೋಸ್ಕರ ಕಳೆದುಕೊಳ್ಳುತ್ತೀರಾ ಎಂದರು. ಅಕ್ಕ ನಿಂತೇ ಇದ್ದರು. ಕುರ್ಚಿ ಹಿಡಿಯಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ.

ಆಗ ಮ್ಯಾನೇಜರ್ ಹಾಳೆಯನ್ನು ನನ್ನ ಕಡೆಗೆ ತಿರುಗಿಸಿ ಪೆನ್ನು ಕೊಟ್ಟರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅಪ್ಪನ ಫ್ಯಾಕ್ಟರಿಯಲ್ಲಿ ಆ ತಿಂಗಳು ಅರ್ಧ ದಿನಗಳಷ್ಟೇ ಕೆಲಸ ಸಿಗುತ್ತಿತ್ತು. ಅಕ್ಕ ನನ್ನ ಕಡೆ ನೋಡಿ, ಕನ್ನಡದಲ್ಲಿ ಹೇಳಿದರು:

"ನಿಂಗೆ ಕೆಲ್ಸ ಬೇಕು. ಹಾಕೋದಾದ್ರೆ ಹಾಕಮ್ಮ, ನಾನೇನೂ ಅಂದ್ಕೊಳಲ್ಲ. ಆದ್ರೆ ಓದಿ ಹಾಕು."

ನಾನು ಓದಿದೆ. ಪೆನ್ನು ಕೈಯಲ್ಲೇ ಇತ್ತು. ಕೊನೆಗೆ ಬಾಯಿಗೆ ಬಂದ ಮಾತು ಇದು: ನನಗೆ ತಮಿಳು ಓದಲು ಬರುವುದಿಲ್ಲ ಸಾರ್, ತಮಿಳಿನವನ್ನು ನಾನು ಪರಿಶೀಲಿಸಿಲ್ಲ, ಹಾಗಾಗಿ ಸಹಿ ಹಾಕಲು ಆಗುವುದಿಲ್ಲ. ಅದು ನೆಪ. ನಿಜವಾದ ಕಾರಣ ಹೇಳುವ ಧೈರ್ಯ ನನಗಿರಲಿಲ್ಲ. ಹೊರಗೆ ಬಂದ ಮೇಲೆ ಅಕ್ಕ ನನ್ನ ಬೆನ್ನಿನ ಮೇಲೆ ಕೈಯಿಟ್ಟು, "ಜಾಣೆ ಕಣಮ್ಮ ನೀನು. ಮುಂದ್ಲ ಸಲ ನಿಜಾನೇ ಹೇಳು," ಎಂದರು. ನನಗೆ ನಾಚಿಕೆಯೂ ಆಯಿತು, ಮೊದಲ ಸಲ ಆ ಆಫೀಸಿನಲ್ಲಿ ನಾನೂ ಲೆಕ್ಕಕ್ಕಿರುವ ಒಬ್ಬಳು ಅಂತಲೂ ಅನ್ನಿಸಿತು.

ಸಹಿ ಇಲ್ಲದೆಯೇ ಸೋಮವಾರ ಹೊಸ ಪಟ್ಟಿಯನ್ನು ಮಾರಾಟದವರ ಮೊಬೈಲಿಗೆ ಬಿಟ್ಟರು. ಎಲ್ಲರೂ ಹುಮ್ಮಸ್ಸಿನಿಂದ ಫೋನ್ ಮಾಡತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಅಕ್ಕನ ಮೇಜಿನ ಫೋನ್ ಹೊಡೆದುಕೊಂಡಿತು. ಕೆಲಮಂಗಲದ ಕಡೆಯ ಒಬ್ಬ ಹೆಂಗಸು, ದಪ್ಪ ಮೆಣಸಿನಕಾಯಿ ಬೆಳೆಯುವವರು. ಮೊದಲು ವಿಚಾರಿಸಿದ್ದು ಅವರ ಗಂಡ, ಹಾಗಾಗಿ ಹೆಸರಿನ ಕಾಲಂನಲ್ಲಿ ಗಂಡನ ಹೆಸರೇ ಇತ್ತು. ಆಮೇಲೆ ಅವರು ತೀರಿಕೊಂಡಿದ್ದರು. ‘ಗಂಡ ಇಲ್ಲ. ಈಗ ಎಲ್ಲ ಈಯಮ್ಮನೇ ನೋಡುತ್ತಾರೆ. ಯಜಮಾನರಿಗೆ ಕೊಡಿ ಅನ್ನಬೇಡಿ’ ಎಂದು ಅಕ್ಕ ರಿಮಾರ್ಕ್ಸಿನಲ್ಲಿ ಬರೆದಿದ್ದರು. ಅಂದು ಫೋನ್ ಮಾಡಿದ ಮಾರಾಟಗಾರನಿಗೆ ಅದು ಕಾಣಲಿಲ್ಲ. ಗಂಡನ ಹೆಸರು ಹಿಡಿದು ಕೇಳಿದ್ದಾನೆ. ಅವರಿಲ್ಲ ಎಂದದ್ದಕ್ಕೆ, ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಕೇಳಿದ್ದಾನೆ.

ಆ ಹೆಂಗಸಿನ ದನಿ ಪಕ್ಕದಲ್ಲಿದ್ದ ನನಗೂ ಕೇಳಿಸುತ್ತಿತ್ತು. ಅವರು ಜಗಳವಾಡಲಿಲ್ಲ.

"ನಿಮ್ಗೆ ಹೇಳಿದ್ನಲ್ಲಕ್ಕ. ನೀವು ಬರ್ಕೊಂಡಿದ್ರಲ್ಲ. ಮತ್ಯಾಕೆ ಕೇಳುದ್ರು?"

ಅಕ್ಕ ಎದ್ದು ನಿಂತಿದ್ದರು. "ತಪ್ಪಾಯ್ತು ತಾಯಿ," ಎಂದರು. ತಪ್ಪನ್ನು ಯಾರ ಮೇಲೂ ಹಾಕಲಿಲ್ಲ. ಫೋನ್ ಇಟ್ಟು, ನೇರವಾಗಿ ಮ್ಯಾನೇಜರ್ ಕೋಣೆಗೆ ಹೋದರು. ಸಹಿ ಹಾಕುತ್ತೇನೆ, ಹಾಳೆ ಕೊಡಿ ಎಂದು ಕೇಳಿದರು. ಮ್ಯಾನೇಜರ್ ಸಂತೋಷದಿಂದ ತಮ್ಮದೇ ಪೆನ್ನು ಕೊಟ್ಟರು. ಅಕ್ಕ ಅಚ್ಚಾಗಿದ್ದ ಇಂಗ್ಲಿಷ್ ಸಾಲಿನ ಮೇಲೆ ಒಂದು ಗೆರೆ ಎಳೆದು, ಅದರ ಕೆಳಗೆ ಮೊದಲು ತಮಿಳಿನಲ್ಲಿ, ಆಮೇಲೆ ಕನ್ನಡದಲ್ಲಿ ಬರೆದರು: ‘ಇದರಲ್ಲಿ ಎಲ್ಲವೂ ಬಂದಿಲ್ಲ. ಹೇಳಿದ ಮಾತು ಬಂದಿಲ್ಲ. ಕೆಲವು ಜನರೇ ಬಂದಿಲ್ಲ. ನಾನು ನೋಡಿದ್ದೇನೆ.’ ಅದರ ಕೆಳಗೆ ಪೂರ್ತಿ ಹೆಸರಿನ ಸಹಿ ಹಾಕಿದರು. ನನ್ನನ್ನು ಕರೆಯಲಿಲ್ಲ. ನಾನೇ ಹೋಗಿ ಅವರ ಸಹಿಯ ಕೆಳಗೆ ನನ್ನ ಸಹಿ ಹಾಕಿದೆ.

ಮ್ಯಾನೇಜರ್ ಮುಖ ಕೆಂಪಾಯಿತು. ಹಾಳೆಯನ್ನು ಹರಿಯುತ್ತಾರೆ ಅಂದುಕೊಂಡೆ. ಆದರೆ ಇಂಜಿನಿಯರ್ ಅಲ್ಲೇ ಕೂತಿದ್ದರು. ಅವರು ಕೈ ಚಾಚಿ ಹಾಳೆ ತೆಗೆದುಕೊಂಡು, ಇದು ನಮ್ಮ ಆಫೀಸಿಗೆ ಹೋಗಬೇಕು ಸಾರ್, ಬಂದ ಹಾಗೆಯೇ ಕಳಿಸಬೇಕು ಎಂದು ಬ್ಯಾಗಿನಲ್ಲಿ ಇಟ್ಟುಕೊಂಡರು. ಅದನ್ನು ಓದಿದ ಅವರ ಮೇಲಿನವರು ಈ ಸ್ಥಿತಿಯಲ್ಲಿ ಕೆಲಸ ಮುಗಿಯಿತೆಂದು ಒಪ್ಪುವುದಿಲ್ಲ ಎಂದರಂತೆ. ಎರಡು ದಿನ ಬಿಟ್ಟು ಇಂಜಿನಿಯರ್ ವಾಪಸ್ ಬಂದರು. ಕ್ಯಾಂಟೀನಿನಲ್ಲಿ ನಮ್ಮ ಎದುರು ಕೂತು, ತಟ್ಟೆಯನ್ನೇ ನೋಡುತ್ತಾ ಒಂದು ಮಾತು ಒಪ್ಪಿಕೊಂಡರು. ಇದನ್ನು ಸರಿಯಾಗಿ ಮಾಡಲು ಮೊದಲಿನಿಂದಲೂ ದಾರಿ ಇತ್ತು. ಹಳೆಯ ಫಾಂಟನ್ನು ಮೊದಲು ಈಗಿನ ಎಲ್ಲ ಕಂಪ್ಯೂಟರುಗಳೂ ಓದುವ ಯುನಿಕೋಡಿಗೆ ಬದಲಿಸಿಕೊಳ್ಳಬೇಕು. ಫೋನ್ ನಂಬರಿನ ಬದಲು ಅಕ್ಕ ಪ್ರತಿಯೊಬ್ಬರಿಗೂ ಕೊಟ್ಟಿದ್ದ ಹಳೆಯ ಎನ್ಕ್ವೈರಿ ನಂಬರನ್ನೇ ಗುರುತಾಗಿ ಇಟ್ಟುಕೊಳ್ಳಬೇಕು. ಉದ್ದದ ಮಾತನ್ನು ಕಾಲಂಗೆ ತುರುಕದೆ ಪ್ರತ್ಯೇಕ ಟಿಪ್ಪಣಿಯಾಗಿ ಅಂಟಿಸಬೇಕು. ಇನ್ನಷ್ಟು ದಿನ ಹಿಡಿಯುತ್ತದೆ, ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ ಎಂದರು.

"ಈಗ ಕೇಳ್ತಾ ಇದ್ದೀವಲ್ಲಪ್ಪ," ಎಂದರು ಅಕ್ಕ, ಅವರ ತಟ್ಟೆಗೆ ಇನ್ನೊಂದು ವಡೆ ಹಾಕುತ್ತಾ.

ಮೂರು ವಾರ ಹಿಡಿಯಿತು. ಬೆಳಗ್ಗೆಯಿಂದ ಸಂಜೆಯವರೆಗೆ ಅಕ್ಕ ಹಳೆಯ ಪರದೆ ನೋಡಿ ಗಟ್ಟಿಯಾಗಿ ಓದುವುದು, ನಾನು ಹೊಸ ಪರದೆಯಲ್ಲಿ ಸರಿಯಿದೆಯೇ ನೋಡುವುದು. ಫಾಂಟ್ ಬದಲಾಗುವಾಗ ಅರ್ಕಾವತ್ತುಗಳೆಲ್ಲ ಜಾಗ ಬದಲಿಸಿಕೊಂಡಿದ್ದವು, ಅವನ್ನು ಒಂದೊಂದಾಗಿ ತಿದ್ದಿದೆವು. ತಮಿಳಿನವು ಬಂದಾಗ ಅಕ್ಕ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಅಕ್ಷರ ತೋರಿಸುತ್ತಾ ಓದಿಸುತ್ತಿದ್ದರು. ಮೂರನೆಯ ವಾರದ ಹೊತ್ತಿಗೆ ನಾನು ತಡವರಿಸುತ್ತಲಾದರೂ ತಮಿಳು ಓದತೊಡಗಿದ್ದೆ. ನೆಪ ಹೇಳಲು ಇನ್ನು ನಿನಗೆ ದಾರಿಯೇ ಇಲ್ಲ ಎಂದು ಅವರು ನಗುತ್ತಿದ್ದರು. ಮೂವರು ಮಾದಪ್ಪಂದಿರೂ ಬೇರೆಬೇರೆಯಾಗಿ ಪರದೆಯ ಮೇಲೆ ಬಂದ ದಿನ ಅಕ್ಕ ಆ ಅಂಗಡಿಗೆ ಫೋನ್ ಮಾಡಿದರು. ಅಂಗಡಿಯವರು ಯಾವ ಮಾದಪ್ಪ ಎಂದು ಕೇಳಿದರು. ಅಕ್ಕ ನನ್ನ ಕಡೆ ಕಣ್ಣು ಹೊಡೆದು, "ಆನೆ ದಾರಿ ಮಾದಪ್ಪ," ಎಂದರು. ಆ ವರ್ಷವೇ ಆ ಮಾದಪ್ಪ ಹೂಳುವ ಪೈಪು ಹಾಕಿಸಿಕೊಂಡರು.

ಸಾಗಣೆ ಪೂರ್ತಿಯಾದ ದಿನ ಕೊನೆಯ ಹಾಳೆಗೆ ಅಕ್ಕ ಒಂದು ಗೆರೆಯನ್ನೂ ಹೊಡೆಯದೆ ಸಹಿ ಹಾಕಿದರು.

ಅದಾದ ಎರಡು ತಿಂಗಳಿಗೆ ಅವರನ್ನು ಗೋಡೌನಿಗೆ ಹಾಕಿದರು. ಸುರುಳಿಗಳು ಬಂದದ್ದು ಹೋದದ್ದು ಬರೆದುಕೊಳ್ಳುವ ಕೆಲಸ. ಕಾರಣ ಯಾರೂ ಹೇಳಲಿಲ್ಲ, ಕಾರಣ ಎಲ್ಲರಿಗೂ ಗೊತ್ತಿತ್ತು. ನಾನು ಅತ್ತೆ. ಬಿಟ್ಟುಬಿಡಿ ಅಕ್ಕ, ಬೇರೆ ಕಡೆ ನಿಮಗೆ ಕೆಲಸ ಸಿಗುತ್ತದೆ ಎಂದೆ.

"ನಾನ್ಯಾಕೆ ಬಿಡ್ಲಿ? ತಪ್ಪು ಮಾಡಿದ್ರೆ ಬಿಡ್ಬೇಕು. ಕಳ್ಸೋದಿದ್ರೆ ಯಾಕೆ ಅಂತ ಕಾಗ್ದದಲ್ಲಿ ಬರ್ದು ಕಳ್ಸಲಿ."

ಅದನ್ನು ಬರೆಯುವ ಎದೆಗಾರಿಕೆ ಯಾರಿಗೂ ಬರಲಿಲ್ಲ. ಅಕ್ಕ ಆ ಕಾದ ತಗಡಿನ ಕೆಳಗೆ, ದಿನವೂ ಇಸ್ತ್ರಿ ಮಾಡಿದ ಸೀರೆ ಉಟ್ಟು, ಸರಿಯಾದ ಹೊತ್ತಿಗೆ ಬಂದು ಕೂರುತ್ತಿದ್ದರು. ಮಾರಾಟದವರು ಒಬ್ಬೊಬ್ಬರಾಗಿ ಗೋಡೌನಿಗೆ ಹೋಗಿ, ಈ ಗಿರಾಕಿಯ ಹತ್ತಿರ ಹೇಗೆ ಮಾತಾಡಲಿ ಎಂದು ಕೇಳಿ ಬರತೊಡಗಿದರು. ಕೆಲವು ತಿಂಗಳಲ್ಲಿ ಮ್ಯಾನೇಜರ್ ಕೂಡ ಒಂದು ಸಲ ಹೋದರು. ಅಕ್ಕ ಅವರಿಗೂ ಹೇಳಿದರು, ಕುರ್ಚಿ ಕೊಟ್ಟು ಕೂರಿಸಿ ಹೇಳಿದರು. ಆದರೆ ಮೇಜಿಗೆ ವಾಪಸ್ ಬನ್ನಿ ಎಂದು ಮ್ಯಾನೇಜರ್ ಕರೆಯಲಿಲ್ಲ, ಕರೆಯಿರಿ ಎಂದು ಅಕ್ಕನೂ ಕೇಳಲಿಲ್ಲ.

ಎರಡು ವರ್ಷದ ಮೇಲೆ ನಾನು ಆ ಕಂಪನಿ ಬಿಟ್ಟೆ. ಅದೇ ಇಂಜಿನಿಯರ್ ಕರೆದು, ಇಂಥ ದತ್ತಾಂಶ ಸಾಗಣೆಯ ಕೆಲಸಕ್ಕೇ ನನ್ನನ್ನು ಸೇರಿಸಿಕೊಂಡರು. ಮೊದಮೊದಲು ಅಕ್ಕನಿಗೆ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಆಮೇಲೆ ತಿಂಗಳಿಗೊಮ್ಮೆ... ಆಮೇಲೆ ಹಬ್ಬಕ್ಕೆ. ಅವರಿಗೆ ಹುಷಾರಿಲ್ಲ ಎಂಬುದೂ, ಅವರು ಹೋದರು ಎಂಬುದೂ ನನಗೆ ಒಟ್ಟಿಗೇ ಗೊತ್ತಾಯಿತು, ಅದೂ ಎರಡು ತಿಂಗಳು ತಡವಾಗಿ. ಮನೆ ಹುಡುಕಿಕೊಂಡು ಹೋದೆ. ಅವರ ತಂಗಿ ಇದ್ದರು. ನನ್ನ ಹೆಸರು ಹೇಳಿದ ಕೂಡಲೇ ಗುರುತು ಹಿಡಿದು, "ನೀವೇನಾ? ಸುಳ್ಳಿಗೆ ಸೈನ್ ಹಾಕಲ್ಲ ಅಂದ್ಬುಟ್ಟೋಳು ಅಂತ ಅಕ್ಕ ಬೋ ಹೇಳ್ತಿದ್ಲು," ಎಂದರು. ನಾನು ಅಂದು ಹೇಳಿದ್ದು ನೆಪ ಎಂಬುದನ್ನು ಅಕ್ಕ ತಂಗಿಗೆ ಹೇಳಿರಲಿಲ್ಲ. ನಾನು ಹೇಳಿದೆ. ತಂಗಿ ನಂಬಲಿಲ್ಲ.

ಈಗ ನನ್ನ ಕೈಕೆಳಗೆ ಆರು ಜನರಿದ್ದಾರೆ. ಹೊಸೂರು, ಕೃಷ್ಣಗಿರಿಯ ಕಂಪನಿಗಳಿಗೆ ಹೋಗುತ್ತೇವೆ. ಎಲ್ಲ ಕಡೆಯೂ ಯಾರಾದರೊಬ್ಬರು, ಹೆಸರು ನಂಬರ್ ಸಾಕು, ಮಿಕ್ಕಿದ್ದು ಹರಟೆ ಅನ್ನುತ್ತಾರೆ. ನಾನು ಸಾಲದು ಅನ್ನುತ್ತೇನೆ. ಇದರಿಂದ ಎರಡು ಕೆಲಸ ಕೈತಪ್ಪಿವೆ. ತಪ್ಪಲಿ.

ಆದರೆ ಒಂದು ವಿಷಯ ಬರೆಯದೆ ಇದನ್ನು ಮುಗಿಸಲಾರೆ. ಆ ಮೂರು ವಾರ ನಾವು ಪ್ರತಿಯೊಂದು ಸಾಲನ್ನೂ ನೋಡಿದೆವು, ಒಂದು ಕಾಲಂ ಮಾತ್ರ ನೋಡಲಿಲ್ಲ. ಹಳೆಯದರಲ್ಲಿ ಪ್ರತಿ ರಿಮಾರ್ಕಿನ ಮೂಲೆಯಲ್ಲಿ ಚಿಕ್ಕದಾಗಿ ಬರೆದವರ ಹೆಸರು ಇರುತ್ತಿತ್ತು. ಸಾಗಿಸುವಾಗ ಅದು ಬರಲಿಲ್ಲ. ಹೊಸದರಲ್ಲಿ ಎಲ್ಲ ಟಿಪ್ಪಣಿಗಳನ್ನೂ ಬರೆದವರು ‘ಅಡ್ಮಿನ್’ ಎಂದಾಗಿದೆ. ನಾನು ಅದನ್ನು ಕಂಡಾಗ ಹಳೆಯ ಕಂಪ್ಯೂಟರ್ ಗುಜರಿಗೆ ಹೋಗಿ ತಿಂಗಳಾಗಿತ್ತು. ಓಡಿಹೋಗಿ ಗೋಡೌನಿನಲ್ಲಿ ಅಕ್ಕನಿಗೆ ಹೇಳಿದೆ. ಅವರು ಸುರುಳಿಯೊಂದರ ಚೀಟಿ ಓದುತ್ತಾ, ತಲೆ ಎತ್ತದೆ, "ಫೋನ್ ಮಾಡ್ದೋರ್ ಹೆಸ್ರೆಲ್ಲ ಬಂತಲ್ಲ ಬಿಡು," ಎಂದರು.

ನಾನು ಬಿಟ್ಟಿಲ್ಲ. ಅಲ್ಲಿ ಈಗಲೂ ಕೆಲಸ ಮಾಡುವವರು, ಗಿರಾಕಿಗಳಿಗೆ ಫೋನ್ ಮಾಡುವ ಮುಂಚೆ ಆ ಟಿಪ್ಪಣಿಗಳನ್ನು ಓದುತ್ತಾರಂತೆ. ಇಷ್ಟು ಚೆನ್ನಾಗಿ ಯಾರು ಬರೆದರು ಎಂದು ಹೊಸಬರು ಕೇಳುತ್ತಾರಂತೆ. ಪರದೆಯಲ್ಲಿ ಅಡ್ಮಿನ್ ಎಂದಿದೆ. ಅದು ತಪ್ಪು. ಆ ತಪ್ಪು ನನ್ನದು, ಅದನ್ನು ತಿದ್ದಲು ಈಗ ದಾರಿಯಿಲ್ಲ. ಕೇಳಿದವರಿಗೆಲ್ಲ ನಾನು ಒಂದೇ ಮಾತು ಹೇಳುತ್ತೇನೆ: ಅಡ್ಮಿನ್ ಅಂತ ಯಾರೂ ಇರಲಿಲ್ಲ. ಅಕ್ಕ ಇದ್ದರು. ಈಗ ಇಲ್ಲ.